ಗಮ್ ಹಚ್ಚುವ ಮೊದಲು ಪೈಪಿನ ಜಾತಿ ನೋಡಿ

ತೋಟದ ಪೈಪ್‌ಲೈನಿನಲ್ಲಿ ನೀರು ಎಲ್ಲಿ ಸೋರುತ್ತಿದೆ ಎಂದು ಹುಡುಕಿ ಹೊರಟರೆ ಹೆಚ್ಚಿನ ಸಲ ಸಿಗುವುದು ಜಾಯಿಂಟೇ. ಪೈಪು ಕೊಳ್ಳುವಾಗ ನಾವು ನಾಲ್ಕು ಅಂಗಡಿ ತಿರುಗಿ ಚೌಕಾಸಿ ಮಾಡುತ್ತೇವೆ. ಜಾಯಿಂಟಿನ ವಿಷಯ ಬಂದಾಗ ಮಾತ್ರ 'ಗಮ್ ಹಾಕಿ ಅಂಟಿಸಪ್ಪ' ಎಂದು ಪ್ಲಂಬರಿಗೆ ಹೇಳಿ ಬೇರೆ ಕೆಲಸಕ್ಕೆ ಹೋಗುತ್ತೇವೆ.

ನಮ್ಮ ಆನೇಕಲ್, ಸರ್ಜಾಪುರ, ಹೊಸಕೋಟೆ ಕಡೆ ಸಾವಿರ ಅಡಿ ದಾಟಿದ ಬೋರುಗಳು ಈಗ ಮಾಮೂಲು. ಆನೇಕಲ್, ಹೊಸಕೋಟೆ ಎರಡನ್ನೂ ಕೇಂದ್ರ ಅಂತರ್ಜಲ ಮಂಡಳಿ ನೀರನ್ನು ಅತಿಯಾಗಿ ಎತ್ತಿದ ತಾಲ್ಲೂಕುಗಳ ಸಾಲಿಗೆ ಸೇರಿಸಿದೆ. ತ್ರೀಫೇಸ್ ಕರೆಂಟು ದಿನಕ್ಕೆ 7 ಗಂಟೆಯ ಲೆಕ್ಕ. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಬಿಲ್ಲು ಇಲ್ಲ, ನಿಜ. ಆದರೆ ಆ 7 ಗಂಟೆಯಲ್ಲಿ ಬಂದ ನೀರೇ ನಮ್ಮ ಆಸ್ತಿ. ಒಂದು ಜಾಯಿಂಟಿನಲ್ಲಿ ನಿಮಿಷಕ್ಕೆ ಒಂದೇ ಒಂದು ಲೀಟರ್ ಸೋರಿದರೂ 7 ಗಂಟೆಗೆ 420 ಲೀಟರ್ ಆಯಿತು. ಗಂಟೆಗೆ 4 ಲೀಟರ್ ಬಿಡುವ 15 ಡ್ರಿಪ್ಪರುಗಳು ಅಷ್ಟೂ ಹೊತ್ತು ಕೊಡುವ ನೀರು ಅದು. ಅಂಥ ನಾಲ್ಕು ಜಾಯಿಂಟು ಮಣ್ಣಿನೊಳಗೆ ಇದ್ದರೆ ಅರವತ್ತು ಗಿಡಕ್ಕೆ ನೀರಿಲ್ಲ. ಮೇಲೆ ನೋಡಿದರೆ ಬರೀ ಸ್ವಲ್ಪ ಹಸಿರು ಹುಲ್ಲು ಕಾಣುತ್ತದೆ, ಅಷ್ಟೆ.

ಬಕೆಟ್ ಪರೀಕ್ಷೆ

ಹೋದ ವರ್ಷ ಪಕ್ಕದ ತೋಟದ ಹುಡುಗ ಬಂದು, 'ಅಣ್ಣಾ, ಒಳ್ಳೇ ಕಂಪನಿ ಗಮ್ಮೇ ತಂದಿದೀನಿ, ಎರಡು ಸಲ ಹಚ್ಚಿದೆ, ಆದ್ರೂ ಹಿಡೀತಿಲ್ಲ' ಅಂದ. ಹೋಗಿ ನೋಡಿದರೆ ಅವನ ಕೈಯಲ್ಲಿದ್ದದ್ದು ಸುರುಳಿ ಸುತ್ತಿ ಬರುವ ಕಪ್ಪು ಪೈಪು, ಅಂದರೆ ಎಚ್.ಡಿ.ಪಿ.ಇ. ಅದಕ್ಕೆ ಗಮ್ ಹಿಡಿಯುವುದೇ ಇಲ್ಲ. ಗಮ್ಮಿನ ತಪ್ಪೂ ಅಲ್ಲ, ಪೈಪಿನ ತಪ್ಪೂ ಅಲ್ಲ. ಎರಡಕ್ಕೂ ಸಂಬಂಧ ಕೂಡಿ ಬರುವುದಿಲ್ಲ.

ಕಾರಣ ಹೀಗೆ. ನಾವು ಗಮ್ ಎನ್ನುವುದನ್ನು ಅಂಗಡಿಯವರು ಸಾಲ್ವೆಂಟ್ ಸಿಮೆಂಟ್ ಎನ್ನುತ್ತಾರೆ. ಅದು ಗೋಂದಿನ ಹಾಗೆ ನಡುವೆ ಕೂತು ಹಿಡಿದುಕೊಳ್ಳುವ ವಸ್ತುವಲ್ಲ. ಪಿ.ವಿ.ಸಿ.ಯನ್ನು ಕರಗಿಸುವ ದ್ರಾವಕದಲ್ಲಿ ಸ್ವಲ್ಪ ಪಿ.ವಿ.ಸಿ.ಯನ್ನೇ ಕರಗಿಸಿ ಇಟ್ಟಿರುತ್ತಾರೆ. ಹಚ್ಚಿದಾಗ ಪೈಪಿನ ಹೊರಮೈ, ಫಿಟ್ಟಿಂಗಿನ ಒಳಮೈ ಎರಡೂ ಮೆತ್ತಗಾಗಿ ಒಂದರೊಳಗೊಂದು ಬೆರೆಯುತ್ತವೆ. ದ್ರಾವಕ ಆರಿಹೋದ ಮೇಲೆ ಎರಡೂ ಸೇರಿ ಒಂದೇ ತುಂಡು. ಈ ದ್ರಾವಕಕ್ಕೆ ಎಚ್.ಡಿ.ಪಿ.ಇ., ಡ್ರಿಪ್ ಲ್ಯಾಟರಲ್ಲಿನ ಎಲ್.ಎಲ್.ಡಿ.ಪಿ.ಇ., ಪಿ.ಪಿ. ಇವ್ಯಾವುವೂ ಕರಗುವುದಿಲ್ಲ. ಅವನ್ನು ಕಾಯಿಸಿ ಬೆಸೆಯಬೇಕು, ಇಲ್ಲವೇ ಬಿಗಿದು ಹಿಡಿಯಬೇಕು.

ಯಾವುದು ಯಾವ ಜಾತಿ ಎಂದು ಗೊತ್ತಾಗದಿದ್ದರೆ ಪೈಪಿನ ಒಂದು ಚೂರು ಕತ್ತರಿಸಿ ಬಕೆಟ್ ನೀರಿಗೆ ಹಾಕಿ. ಗಾಳಿಗುಳ್ಳೆ ಅಂಟದ ಹಾಗೆ ಕೈಯಲ್ಲಿ ಒಮ್ಮೆ ಒತ್ತಿ ಬಿಡಿ. ಮುಳುಗಿದರೆ ಪಿ.ವಿ.ಸಿ., ಗಮ್ ನಡೆಯುತ್ತದೆ. ತೇಲಿದರೆ ಗಮ್ ಡಬ್ಬಿ ಮುಚ್ಚಿಡಿ.

ಪಿ.ವಿ.ಸಿ.: ಗಮ್ ಜಾಯಿಂಟು

ನಮ್ಮಂಥ ಸಣ್ಣ ಹಿಡುವಳಿಯವರ ತೋಟದಲ್ಲಿ ಎರಡು ಇಂಚು (63 ಮಿ.ಮೀ.), ಎರಡೂವರೆ ಇಂಚಿನ (75 ಮಿ.ಮೀ.) ಪೈಪುಗಳೇ ಜಾಸ್ತಿ. ಇವಕ್ಕೆ ಗಮ್ ಜಾಯಿಂಟು ಸಾಕು, ಸರಿಯಾಗಿ ಮಾಡಿದರೆ.

ಕೊಯ್ಯುವುದು ನೇರ ಇರಬೇಕು. ಪೈಪಿನ ಸುತ್ತ ಒಂದು ಕಾಗದದ ಪಟ್ಟಿ ಸುತ್ತಿ, ಅಂಚಿಗೆ ಅಂಚು ಕೂಡಿಸಿ ಗೆರೆ ಎಳೆದು ಹ್ಯಾಕ್ಸಾದಲ್ಲಿ ಕೊಯ್ದರೆ ಓರೆಯಾಗುವುದಿಲ್ಲ. ಕೊಯ್ದ ಬಾಯಲ್ಲಿ ಉಳಿಯುವ ಚುಂಗನ್ನು ಒಳಗೂ ಹೊರಗೂ ಅರದಿಂದ ತೆಗೆದು, ಹೊರ ಅಂಚನ್ನು ಸ್ವಲ್ಪ ಇಳಿಜಾರು ಮಾಡಿ. ಈ ಇಳಿಜಾರು ಇಲ್ಲದಿದ್ದರೆ ಒಳಗೆ ಹಚ್ಚಿದ ಗಮ್ಮನ್ನೆಲ್ಲ ಪೈಪಿನ ಅಂಚು ಬಾಚಿಕೊಂಡು ತಳಕ್ಕೆ ತಳ್ಳುತ್ತದೆ. ಹಿಡಿಯಬೇಕಾದ ಕಡೆ ಗಮ್ಮೇ ಇರುವುದಿಲ್ಲ.

ಆಮೇಲೆ ಗಮ್ ಇಲ್ಲದೆ ಒಮ್ಮೆ ಕೂಡಿಸಿ ನೋಡಿ. ಇದನ್ನು ಮಾಡುವವರು ಬಹಳ ಕಡಿಮೆ. ಫಿಟ್ಟಿಂಗಿನ ಬಾಯಿ ಒಳಗೆ ಹೋದಂತೆ ಸ್ವಲ್ಪ ಸಣ್ಣದಾಗುತ್ತದೆ. ಹಾಗಾಗಿ ಒಣ ಪೈಪು ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗದವರೆಗೆ ಹೋಗಿ ಬಿಗಿಯಾಗಬೇಕು. ತಳದವರೆಗೆ ಸಡಿಲವಾಗಿ ಬಿದ್ದುಹೋದರೆ ಆ ಫಿಟ್ಟಿಂಗು ಬೇಡ. ಗಮ್ಮನ್ನು ದಪ್ಪಗೆ ಬಳಿದು ಸಂದು ತುಂಬಿಸುತ್ತೇನೆ ಎಂದರೆ ಆಗದು, ಆರಿದ ಮೇಲೆ ಅದು ಕುಗ್ಗುತ್ತದೆ. ಒಂದು ಕಂಪನಿಯ ಪೈಪಿಗೆ ಇನ್ನೊಂದರ ಫಿಟ್ಟಿಂಗು ಕೆಲವೊಮ್ಮೆ ಹೀಗೆ ಸಡಿಲ ಬರುವುದುಂಟು. ಪೈಪಿನ ಮೇಲೆ ಐ.ಎಸ್. 4985, ಫಿಟ್ಟಿಂಗಿನ ಮೇಲೆ ಐ.ಎಸ್. 7834 ಎಂಬ ಗುರುತು ನೋಡಿ ತನ್ನಿ. ಫಿಟ್ಟಿಂಗು ಅಚ್ಚು ಹಾಕುವ ಘಟಕಗಳು ಪೀಣ್ಯದ ಕಡೆ ಬೇಕಾದಷ್ಟಿವೆ. ಒಳ್ಳೆಯ ಮಾಲೂ ಬರುತ್ತದೆ, ಗುಜರಿ ಪ್ಲಾಸ್ಟಿಕ್ ಕರಗಿಸಿದ ಮಾಲೂ ಬರುತ್ತದೆ. ಎರಡು ಎಲ್ಬೊಗಳನ್ನು ಎರಡು ಕೈಯಲ್ಲಿ ಹಿಡಿದು ತೂಗಿದರೆ ದಪ್ಪದ ವ್ಯತ್ಯಾಸ ತಿಳಿಯುತ್ತದೆ.

ಇನ್ನು ಹಚ್ಚುವುದು. ಎರಡೂ ಮೈಯನ್ನು ಒಣ ಬಟ್ಟೆಯಿಂದ ಒರೆಸಿ. ನಮ್ಮ ಕೆಮ್ಮಣ್ಣು ಬೆರಳಿಗೆ ಅಂಟಿದರೆ ಸಾಕು, ಜಾಯಿಂಟಿಗೂ ಬಂದುಬಿಡುತ್ತದೆ. ಎಷ್ಟು ಒಳಗೆ ಹೋಗಬೇಕು ಎಂಬುದಕ್ಕೆ ಪೈಪಿನ ಮೇಲೆ ಪೆನ್ಸಿಲ್ ಗುರುತು ಮಾಡಿ. ಫಿಟ್ಟಿಂಗಿನೊಳಗೆ ತೆಳ್ಳಗೆ, ಪೈಪಿನ ಮೇಲೆ ಸ್ವಲ್ಪ ಧಾರಾಳವಾಗಿ ಬ್ರಷ್ಷಿನಿಂದ ಸುತ್ತಲೂ ಹಚ್ಚಿ. ಬೆರಳಿನಿಂದ ಬೇಡ. ಒದ್ದೆಯಿರುವಾಗಲೇ ಗುರುತಿನವರೆಗೆ ತಳ್ಳಿ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಾಯಿ ಒಳಗೆ ಸಣ್ಣದಾಗುತ್ತಾ ಹೋಗುವುದರಿಂದ ಬಿಟ್ಟ ಕೂಡಲೇ ಪೈಪು ಹಿಂದಕ್ಕೆ ಜಾರುತ್ತದೆ. ಪ್ಲಂಬರ್ ಅವಸರದಲ್ಲಿ ಮುಂದಿನ ಜಾಯಿಂಟಿಗೆ ಹೋದಾಗ ಆಗುವ ಎಡವಟ್ಟು ಇದೇ. ಸುತ್ತಲೂ ಗಮ್ಮಿನ ಒಂದು ಎಳೆ ಕಂಡರೆ ಸರಿ, ಹೆಚ್ಚಾದದ್ದನ್ನು ಒರೆಸಿ.

ನೀರು ಬಿಡುವುದು ಯಾವಾಗ? 'ಹತ್ತು ನಿಮಿಷ ಸಾಕು ಸ್ವಾಮಿ' ಅನ್ನುವವರಿದ್ದಾರೆ. ಹತ್ತು ನಿಮಿಷಕ್ಕೆ ಅದು ಅಲ್ಲಾಡದಷ್ಟು ಗಟ್ಟಿಯಾಗಿರುತ್ತದೆ, ಒತ್ತಡ ತಾಳುವಷ್ಟಲ್ಲ. ಪೂರ್ತಿ ಒತ್ತಡ ಕೊಡಲು 24 ಗಂಟೆ ಬಿಡಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಆರುವುದು ಇನ್ನೂ ನಿಧಾನ. ಬೆಳಗ್ಗೆ ಕೆಲಸ ಮುಗಿಸಿ ಅದೇ ರಾತ್ರಿ ಕರೆಂಟು ಬರುತ್ತದೆ ಎಂದಾದರೆ ಸ್ಟಾರ್ಟರಿನ ಆಟೋ ಸ್ವಿಚ್ ತೆಗೆದಿಟ್ಟು ಮಲಗಿ. ಇಲ್ಲವಾದರೆ ನೀವು ನಿದ್ದೆಯಲ್ಲಿರುವಾಗಲೇ ಪಂಪು ಎದ್ದು ಹಸಿ ಜಾಯಿಂಟನ್ನು ಕಿತ್ತುಹಾಕುತ್ತದೆ.

ಡಬ್ಬಿಯ ಗಮ್ ಗಟ್ಟಿಯಾಗಿ ಲೋಳೆ ಲೋಳೆಯಾದರೆ ಎಸೆಯಿರಿ. ಅದಕ್ಕೆ ಥಿನ್ನರ್, ಪೆಟ್ರೋಲ್ ಬೆರೆಸಿ ತೆಳು ಮಾಡುವವರನ್ನು ಕಂಡಿದ್ದೇನೆ. ಅದು ಹರಿಯುತ್ತದೆ, ಆದರೆ ಪಿ.ವಿ.ಸಿ.ಯನ್ನು ಬೆಸೆಯುವುದಿಲ್ಲ. ಗಮ್ಮಿನ ಹಬೆ ತಲೆಗೂ ಒಳ್ಳೆಯದಲ್ಲ, ಬೆಂಕಿಗೂ ಒಳ್ಳೆಯದಲ್ಲ. ಪಂಪ್‌ಹೌಸಿನ ಬಾಗಿಲು ತೆರೆದಿಡಿ, ಬೀಡಿ ದೂರ ಇರಲಿ.

ಪೈಪಿನ ತುದಿಯನ್ನು ಹುಲ್ಲಿನ ಬೆಂಕಿಯಲ್ಲಿ ಕಾಯಿಸಿ ಬಾಯಿ ಹಿಗ್ಗಿಸಿ ಇನ್ನೊಂದು ಪೈಪು ತುರುಕುವ ಪದ್ಧತಿ ನಮ್ಮಲ್ಲಿ ಹಳೆಯದು. ಕಾಲುವೆಗೆ ನೀರು ಹಾಯಿಸುವ ಒತ್ತಡವಿಲ್ಲದ ಲೈನಿಗೆ ಅದು ನಡೆದೀತು. ಡ್ರಿಪ್ಪಿನ ಮೇನ್‌ಲೈನಿಗೆ ಬೇಡ. ಹಿಗ್ಗಿದ ಕಡೆ ಗೋಡೆ ತೆಳುವಾಗುತ್ತದೆ, ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿ ಉಳಿಯುತ್ತದೆ. ಒಂದು ಕಾಲರಿನ ದುಡ್ಡು ಉಳಿಸಲು ಹೋಗಿ ಒಂದು ಉದ್ದ ಪೈಪು ಕಳೆದುಕೊಳ್ಳುವ ವ್ಯಾಪಾರ ಅದು.

ಬಿಸಿಲಿನ ಲೆಕ್ಕ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಒಳ್ಳೆಯ ಪ್ಲಂಬರುಗಳೂ ಇದನ್ನು ಮರೆಯುತ್ತಾರೆ.

ಪಿ.ವಿ.ಸಿ. ಬಿಸಿಗೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. 20 ಡಿಗ್ರಿ ವ್ಯತ್ಯಾಸಕ್ಕೆ 100 ಮೀಟರ್ ಲೈನು ಸುಮಾರು 14 ಸೆಂಟಿಮೀಟರ್, ಅಂದರೆ ಐದೂವರೆ ಇಂಚು ಕುಗ್ಗುತ್ತದೆ. ಮಾರ್ಚ್ ತಿಂಗಳ ಮಧ್ಯಾಹ್ನ ಬಯಲಲ್ಲಿ ಬಿದ್ದ ಪೈಪು ಮುಟ್ಟಲಾಗದಷ್ಟು ಸುಡುತ್ತಿರುತ್ತದೆ. ಆಗಲೇ ಎರಡೂ ತುದಿ ಜೋಡಿಸಿ, ನೇರ ದಾರದ ಹಾಗೆ ಎಳೆದು ಮಣ್ಣು ಮುಚ್ಚಿ, ರಾತ್ರಿ ಬೋರಿನ ತಣ್ಣನೆ ನೀರು ಬಿಟ್ಟರೆ ಇಡೀ ಲೈನು ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಇನ್ನೂ ಪೂರ್ತಿ ಆರದ ಜಾಯಿಂಟು ಯಾವುದೋ ಅದು ಬಿಟ್ಟುಕೊಡುತ್ತದೆ. ಸರ್ಜಾಪುರದ ಕಡೆ ಗುಲಾಬಿ ಬೆಳೆಯುವ ಪರಿಚಯದವರೊಬ್ಬರ ಲೈನು ಹೀಗೆಯೇ ಮೊದಲ ರಾತ್ರಿ ಬಿಟ್ಟಿತು. ಅವರು ಗಮ್ಮಿನ ಕಂಪನಿಯನ್ನು ಬೈದು ಬೇರೆ ಗಮ್ ತಂದು ಮತ್ತೆ ಮಧ್ಯಾಹ್ನವೇ ಜೋಡಿಸಿದರು. ಮತ್ತೆ ಬಿಟ್ಟಿತು.

ಉಪಾಯ ಸುಲಭ. ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಜೋಡಿಸಿ. ಕಾಲುವೆಯೊಳಗೆ ಪೈಪನ್ನು ಹಾವಿನ ಹಾಗೆ ಸ್ವಲ್ಪ ಅಂಕುಡೊಂಕಾಗಿ ಮಲಗಿಸಿ. ಪೈಪಿನ ನಡುಭಾಗಕ್ಕೆ ಮಣ್ಣು ಹಾಕಿ, ಲೈನು ತಣಿದ ಮೇಲೆ ಕೊನೆಯ ಒಂದು ಜಾಯಿಂಟು ಕೂಡಿಸಿ.

ಮೂರು ಇಂಚು (90 ಮಿ.ಮೀ.) ಮತ್ತು ಅದಕ್ಕಿಂತ ದೊಡ್ಡ ಉದ್ದ ಲೈನಿಗೆ ರಬ್ಬರ್ ರಿಂಗಿನ ಪೈಪು ಸಿಗುತ್ತದೆ. ಇದರಲ್ಲಿ ಹಿಗ್ಗಿ ಕುಗ್ಗಲು ಪ್ರತಿ ಜಾಯಿಂಟಿನಲ್ಲೂ ಜಾಗ ಇರುತ್ತದೆ, ಕಾಯುವ ಕೆಲಸವೂ ಇಲ್ಲ. ರಿಂಗು ಕೂರುವ ತೋಡು ಒರೆಸಿ, ಪೈಪಿನ ತುದಿಗೆ ಸೋಪಿನ ನೀರು ಸವರಿ ತಳ್ಳಿ. ಗ್ರೀಸ್, ಡೀಸೆಲ್, ಹಳೇ ಆಯಿಲ್ ಸವರಬೇಡಿ, ರಬ್ಬರು ಉಬ್ಬಿ ಹಾಳಾಗುತ್ತದೆ. ತಳಕ್ಕೆ ಮುಟ್ಟಿಸಿ ಒಂದು ಸೆಂಟಿಮೀಟರಿನಷ್ಟು ಹಿಂದಕ್ಕೆ ಎಳೆದಿಡಿ.

ಆದರೆ ರಿಂಗು ನೀರನ್ನು ತಡೆಯುತ್ತದೆಯೇ ಹೊರತು ಪೈಪನ್ನು ಹಿಡಿದುಕೊಳ್ಳುವುದಿಲ್ಲ. 4 ಕೆ.ಜಿ. ಒತ್ತಡದಲ್ಲಿ ಮೂರು ಇಂಚಿನ ಪೈಪಿನ ಕೊನೆಯ ಮುಚ್ಚಳವನ್ನು ನೀರು ಸುಮಾರು 250 ಕೆ.ಜಿ. ಬಲದಿಂದ ತಳ್ಳುತ್ತದೆ. ನೇರ ಮೂಲೆಯ ಬೆಂಡಿನಲ್ಲಿ ಅದು 360 ಕೆ.ಜಿ. ಏಳು ಮೂಟೆ ಸಿಮೆಂಟಿನ ಭಾರ ಒಂದು ಬೆಂಡನ್ನು ಹೊರಗೆ ನೂಕುತ್ತಿದೆ ಎಂದುಕೊಳ್ಳಿ. ಹಾಗಾಗಿ ರಿಂಗಿನ ಲೈನಿನಲ್ಲಿ ಪ್ರತಿ ಬೆಂಡು, ಟೀ, ಕೊನೆಯ ಮುಚ್ಚಳದ ಹಿಂದೆ ಕಾಂಕ್ರೀಟು ದಿಮ್ಮಿ ಬೇಕು. ಅದು ಅಗೆಯದ ಗಟ್ಟಿ ನೆಲಕ್ಕೆ ಒರಗಿರಬೇಕು. ಸಡಿಲ ಮಣ್ಣಿನ ಮೇಲೆ ಕೂರಿಸಿದ ದಿಮ್ಮಿಯೂ ಬೆಂಡಿನ ಜೊತೆ ನಡೆದುಹೋಗುತ್ತದೆ.

ಮರೆಯ ಜಾಯಿಂಟು

ಪಂಪಿನ ಹತ್ತಿರ, ಫಿಲ್ಟರಿನ ಹತ್ತಿರ, ವಾಲ್ವಿನ ಹತ್ತಿರ ಕಬ್ಬಿಣಕ್ಕೂ ಪ್ಲಾಸ್ಟಿಕ್ಕಿಗೂ ನಂಟು ಕೂಡಿಸಲು ಮರೆ ಬೇಕೇ ಬೇಕು. ಎಂ.ಟಿ.ಎ. ಎಂದರೆ ಹೊರಮರೆ, ಎಫ್.ಟಿ.ಎ. ಎಂದರೆ ಒಳಮರೆ. ಆದಷ್ಟು ಪ್ಲಾಸ್ಟಿಕ್ಕಿನ ಹೊರಮರೆಯನ್ನು ಕಬ್ಬಿಣದ ಒಳಮರೆಗೆ ಹಾಕಿ. ತಿರುಗಿಸಿದಷ್ಟೂ ಮರೆ ಬೆಣೆಯಂತೆ ಬಿಗಿಯುತ್ತದೆ. ಹೊರಗೆ ಪ್ಲಾಸ್ಟಿಕ್ ಇದ್ದರೆ ಆ ಬೆಣೆ ಅದನ್ನು ಸೀಳುತ್ತದೆ. ಪ್ಲಾಸ್ಟಿಕ್ ಒಳಮರೆಯೇ ಬೇಕಾದರೆ ಹಿತ್ತಾಳೆ ಕೂರಿಸಿದ ಎಫ್.ಟಿ.ಎ. ತನ್ನಿ. ಟೆಫ್ಲಾನ್ ಟೇಪನ್ನು ಮರೆ ತಿರುಗುವ ದಿಕ್ಕಿಗೇ ಸುತ್ತಿ, ಕೈಯಲ್ಲಿ ಬಿಗಿಯಾದ ಮೇಲೆ ರೆಂಚಿನಿಂದ ಒಂದು, ಹೆಚ್ಚೆಂದರೆ ಒಂದೂವರೆ ಸುತ್ತು. ಮರೆಗೆ ಗಮ್ ಹಚ್ಚಬೇಡಿ. ಮಾಮೂಲಿ ಪಿ.ವಿ.ಸಿ. ಪೈಪಿಗೆ ಡೈಯಲ್ಲಿ ಮರೆ ಕೊಯ್ಯಲೂ ಬೇಡಿ, ಇರುವ ಗೋಡೆಯ ಅರ್ಧ ಅಲ್ಲೇ ಹೋಗುತ್ತದೆ.

ಬೋರಿಗೆ ಇಳಿಸುವ ಕಾಲಂ ಪೈಪಿನ ಕತೆ ಬೇರೆ. ದಪ್ಪ ಗೋಡೆಯ ಈ ಪಿ.ವಿ.ಸಿ. ಪೈಪು ನಮ್ಮ ಅತ್ತಿಬೆಲೆಯಲ್ಲೇ ತಯಾರಾಗುತ್ತದೆ, ಆಶೀರ್ವಾದ್ ಕಾರ್ಖಾನೆ ಇರುವುದು ಅಲ್ಲಿಯೇ. ಇದರ ಮರೆ ಚೌಕ ಹಲ್ಲಿನದು. ಬೆಣೆಯಂತೆ ಬಿಗಿಯದೆ ಭಾರ ಹೊರುವುದಕ್ಕೆ ಅಂತಲೇ ಆ ಆಕಾರ. ನೀರು ತಡೆಯುವುದು ಒಳಗಿನ ರಬ್ಬರ್ ರಿಂಗು. ಒಳಗಿನ ವ್ಯಾಸ 40 ಮಿ.ಮೀ. ಇರುವ ಪೈಪು ಸಾವಿರ ಅಡಿ ಇಳಿದಿದ್ದರೆ ಒಳಗಿನ ನೀರೇ 380 ಕೆ.ಜಿ. ಆಗುತ್ತದೆ. ಪಂಪು, ಮೋಟರು, ಕೇಬಲ್ಲು, ಪೈಪಿನ ತೂಕ ಬೇರೆ. ಇಷ್ಟನ್ನೂ ಮೇಲಿನ ಮೊದಲ ಜಾಯಿಂಟು ಹೊರುತ್ತದೆ. ಆದ್ದರಿಂದ ಇಳಿಸುವಾಗ ಪ್ರತಿ ಮರೆಯಲ್ಲೂ ಮಣ್ಣು ಒರೆಸಿದ್ದಾರೆಯೇ, ರಿಂಗು ತೋಡಿನಲ್ಲಿ ಕೂತಿದೆಯೇ ಎಂದು ನೀವೇ ನಿಂತು ನೋಡಿ. ಮೋಟರು ಸ್ಟಾರ್ಟ್ ಆದಾಗಿನ ತಿರುಚಿಗೆ ಮರೆ ಬಿಚ್ಚದಂತೆ ಲಾಕ್ ತಂತಿ ಇರುವ ಪೈಪಾದರೆ ಅದನ್ನು ಬಿಡಬೇಡಿ. ಬೋರ್ ಇಳಿಸುವ ಹುಡುಗರು ಹೊತ್ತಾಯಿತೆಂದು ಬಿಡುವುದು ಅದನ್ನೇ.

ತೇಲುವ ಪೈಪುಗಳು

ಎಚ್.ಡಿ.ಪಿ.ಇ.ಗೆ ಎರಡು ದಾರಿ. ಎರಡೂವರೆ ಇಂಚಿನವರೆಗೆ ನನಗೆ ಮೆಚ್ಚುಗೆಯಾದದ್ದು ಕಂಪ್ರೆಶನ್ ಫಿಟ್ಟಿಂಗು. ನಟ್ಟು, ಪೈಪನ್ನು ಕಚ್ಚುವ ರಿಂಗು, ನೀರು ತಡೆಯುವ ಓ ರಿಂಗು ಇಷ್ಟೇ ಅದರೊಳಗೆ. ಪೈಪನ್ನು ನೇರ ಕೊಯ್ದು, ಅಂಚು ಇಳಿಜಾರು ಮಾಡಿ, ತುದಿ ಒದ್ದೆ ಮಾಡಿ ಓ ರಿಂಗು ದಾಟುವವರೆಗೆ ತಳ್ಳಿ ನಟ್ಟು ಬಿಗಿಯಬೇಕು. ಅರ್ಧ ತಳ್ಳಿ ಬಿಗಿದರೆ ಮೊದಲ ದಿನ ಸೋರುವುದಿಲ್ಲ, ಒತ್ತಡ ಏರಿದ ದಿನ ಬುಸ್ ಎಂದು ಹೊರಬರುತ್ತದೆ. ತಳ್ಳುವ ಆಳವನ್ನು ಮೊದಲೇ ಗುರುತು ಮಾಡಿ. ಬೇಕೆಂದಾಗ ಬಿಚ್ಚಿ ಬೇರೆ ತೋಟಕ್ಕೆ ಒಯ್ಯಬಹುದು. ಗುತ್ತಿಗೆ ಜಮೀನಿನವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಇನ್ನೊಂದು ಕಾಯಿಸಿ ಬೆಸೆಯುವುದು. ಎರಡು ತುದಿಗಳನ್ನೂ ಕೆರೆದು ಹೊಸ ಮೈ ತೆಗೆದು, 210 ಡಿಗ್ರಿ ಆಸುಪಾಸು ಕಾದ ತಟ್ಟೆಗೆ ಎರಡು ಕಡೆಯಿಂದ ಒತ್ತಿ, ಸುತ್ತಲೂ ತುಟಿಯಂತೆ ಕರಗಿ ಬಂದ ಮೇಲೆ ತಟ್ಟೆ ತೆಗೆದು ಕೂಡಲೇ ಒಂದಕ್ಕೊಂದು ಒತ್ತಿ ಹಿಡಿಯುತ್ತಾರೆ. ತಾನಾಗಿ ತಣಿಯಬೇಕು. ನೀರು ಸುರಿದು ತಣಿಸಿದರೆ ಒಳಗೆ ಬಿರುಕು ಉಳಿಯುತ್ತದೆ. ಸರಿಯಾಗಿ ಬೆಸೆದದ್ದು ಪೈಪಿನಷ್ಟೇ ಗಟ್ಟಿ. ಸುತ್ತಲೂ ಎರಡು ಸಮನಾದ ಉಂಗುರ ಎದ್ದಿರುವುದೇ ಅದರ ಗುರುತು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಇಲ್ಲ ಎಂದಾದರೆ ಕೊಯ್ದು ಮತ್ತೆ ಮಾಡಿಸಿ. ದೋಸೆ ಹೆಂಚಿನಲ್ಲಿ ಅಂದಾಜಿಗೆ ಬೆಸೆಯುವವರೂ ಇದ್ದಾರೆ. ಕೈಪಳಗಿದವರಾದರೆ ಕಡಿಮೆ ಒತ್ತಡಕ್ಕೆ ನಡೆಯುತ್ತದೆ, ನಾನು ಮೇನ್‌ಲೈನಿಗೆ ಒಪ್ಪುವುದಿಲ್ಲ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ರಸ್ತೆ ಬದಿ ಗುಂಡಿ ತೆಗೆದು ಅಡಿಗೆ ಗ್ಯಾಸಿನ ಹಳದಿ ಪೈಪು ಜೋಡಿಸುವುದನ್ನು ನೋಡಿರಬಹುದು. ಅದೂ ಇದೇ ಪಾಲಿಥೀನ್ ಜಾತಿ. ಕಾಲರಿನೊಳಗೇ ತಂತಿ ಸುರುಳಿ ಇರುತ್ತದೆ, ಕರೆಂಟು ಕೊಟ್ಟರೆ ಒಳಗಿನಿಂದ ಕರಗಿ ಬೆಸೆಯುತ್ತದೆ. ಅವರು ಪೈಪಿನ ಮೈ ಕೆರೆಯುವುದನ್ನು, ಕ್ಲಾಂಪಿನಲ್ಲಿ ಅಲ್ಲಾಡದಂತೆ ಹಿಡಿಸುವುದನ್ನು ಐದು ನಿಮಿಷ ನಿಂತು ನೋಡಿ, ಕಲಿಯುವುದಿದೆ. ನಿಮ್ಮ ಜಮೀನಿನಂಚಿನಲ್ಲಿ ಅಗೆಯುವಾಗ ಹಳದಿ ಪೈಪು ಕಂಡರೆ ಮಾತ್ರ ಹಾರೆ ಕೆಳಗಿಡಿ.

ಡ್ರಿಪ್ಪಿನ 16 ಮಿ.ಮೀ. ಲ್ಯಾಟರಲ್ಲಿಗೆ ಮುಳ್ಳುಮುಳ್ಳಿನ ಜಾಯಿನರು ತುರುಕಿದರೆ ಸಾಕು. ಬಿಗಿಯಿದ್ದರೆ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಲೈಟರಿನಲ್ಲಿ ಕಾಯಿಸಬೇಡಿ. ಸಬ್‌ಮೇನಿಗೆ ತೂತು ಕೊರೆಯುವಾಗ ಗ್ರೊಮೆಟ್ಟಿಗೆ ಹೇಳಿದ ಅಳತೆಯದೇ ಬೈರಿಗೆ ಇರಲಿ. ಕೊರೆದ ಪುಡಿ ಹೊರಬರುವವರೆಗೆ ಲೈನಿನ ತುದಿ ತೆರೆದು ನೀರು ಬಿಡಿ, ಇಲ್ಲದಿದ್ದರೆ ಅದೆಲ್ಲ ಡ್ರಿಪ್ಪರಿನಲ್ಲಿ ಕೂರುತ್ತದೆ.

ಜೆ.ಸಿ.ಬಿ. ಒಡೆದ ಮೇಲೆ

1978ರಲ್ಲಿ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುಮಾಡಿತು. ಅಲ್ಲಿಂದ ಈಚೆಗೆ ಲೇಔಟುಗಳು ನಮ್ಮ ಬೇಲಿವರೆಗೆ ಬಂದಿವೆ. ಬೋರು ರಸ್ತೆಯ ಆಚೆ, ತೋಟ ಈಚೆ ಆದವರು ಬಹಳ ಮಂದಿ. ಕೇಬಲ್ಲಿಗೆ ಅಗೆಯುವವರು ನಮ್ಮ ಪೈಪು ಸೀಳಿ ಮಣ್ಣು ಮುಚ್ಚಿ ಹೋಗುತ್ತಾರೆ. ರಿಪೇರಿ ನಮ್ಮದೇ ಕೈಯಿಂದ.

ಇಲ್ಲಿನ ತೊಡಕು ಎರಡು. ಎರಡೂ ತುದಿ ನೆಲದಲ್ಲಿ ಹೂತಿರುವುದರಿಂದ ಪೈಪು ಹಿಂದೆ ಮುಂದೆ ಸರಿಯುವುದಿಲ್ಲ. ಮತ್ತೆ, ಎತ್ತರದ ಕಡೆಯಿಂದ ನೀರು ಜಿನುಗುತ್ತಲೇ ಇರುತ್ತದೆ. ಕಾಣುವ ಬಿರುಕು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಆಚೆಗೂ ಅರ್ಧ ಅಡಿ ಬಿಟ್ಟು ಕೊಯ್ಯಿರಿ. ಎರಡು ಕಾಲರುಗಳ ಒಳಗಿನ ತಡೆಗೆರೆಯನ್ನು ಅರದಿಂದ ತೆಗೆದರೆ ಅವು ಪೈಪಿನ ಮೇಲೆ ಪೂರ್ತಿ ಜಾರುತ್ತವೆ. ಹೊಸ ತುಂಡು ಇಟ್ಟು ಗಮ್ ಹಚ್ಚಿ ಕಾಲರನ್ನು ಸಂದಿನ ಮೇಲಕ್ಕೆ ಒಂದೇ ಸಲ ಜಾರಿಸಬೇಕು, ಅರ್ಧದಲ್ಲಿ ನಿಂತರೆ ಅಲ್ಲೇ ಹಿಡಿದುಬಿಡುತ್ತದೆ. ಜಾಗ ಇದ್ದರೆ ಎರಡೂ ಕಡೆ ಆರೇಳು ಅಡಿ ಹೆಚ್ಚು ಅಗೆದು ಪೈಪನ್ನು ಬಿಲ್ಲಿನಂತೆ ಎತ್ತಿ ಕೂಡಿಸುವುದು ಇನ್ನೂ ನಂಬಿಕೆಯದು. ಎತ್ತಿದಾಗ ಜಿನುಗುವ ನೀರೂ ನಿಲ್ಲುತ್ತದೆ.

ನೀರು ನಿಲ್ಲದೇ ಹೋದರೆ ಗಮ್ಮಿನ ಆಸೆ ಬಿಡಿ. ಒದ್ದೆ ಮೈಗೆ ಅದು ಹಿಡಿಯದು. ನಟ್ಟು ಬಿಗಿಯುವ ರಬ್ಬರ್ ರಿಂಗಿನ ರಿಪೇರಿ ಕಪ್ಲಿಂಗಿಗೆ ಒದ್ದೆ ಒಣ ಎಂಬ ಭೇದ ಇಲ್ಲ. ನಮ್ಮ ಸೈಜಿನ ಎರಡನ್ನು ಮೊದಲೇ ತಂದು ಪಂಪ್‌ಹೌಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು, ಒಡೆಯುವುದು ಅಂಗಡಿ ಮುಚ್ಚಿದ ಭಾನುವಾರವೇ. ಸೈಕಲ್ ಟ್ಯೂಬ್ ಎಳೆದು ಸುತ್ತಿ ಒಂದು ರಾತ್ರಿ ದಾಟಿಸಬಹುದು, ಅದನ್ನು ಹಾಗೇ ಮುಚ್ಚಬೇಡಿ.

ಹೊಸ ಲೈನಾಗಲಿ, ರಿಪೇರಿಯಾಗಲಿ, ಜಾಯಿಂಟುಗಳನ್ನು ತೆರೆದಿಟ್ಟು ಪೈಪಿನ ನಡುಭಾಗಕ್ಕೆ ಮಾತ್ರ ಮಣ್ಣು ಹಾಕಿ. ಗೇಟ್ ವಾಲ್ವನ್ನು ನಿಧಾನ ತೆರೆದು, ಗಾಳಿ ಪೂರ್ತಿ ಹೋದ ಮೇಲೆ ತುದಿ ಮುಚ್ಚಿ, ಕೆಲಸದ ಒತ್ತಡದಲ್ಲಿ ಒಂದು ಗಂಟೆ ಬಿಡಿ. ಪ್ರತಿ ಜಾಯಿಂಟಿನ ಕೆಳಗೆ ಕೈಯಾಡಿಸಿ ನೋಡಿ, ಹನಿ ಕಾಣುವುದು ಅಡಿಭಾಗದಲ್ಲಿ. ಒಣಗಿದ್ದರೆ ಮೊದಲು ಕಲ್ಲಿಲ್ಲದ ಸಣ್ಣ ಮಣ್ಣು, ಆಮೇಲೆ ಉಳಿದದ್ದು. ಹೊಲದಲ್ಲಿ ಎರಡು ಅಡಿ ಆಳ, ಟ್ರ್ಯಾಕ್ಟರ್, ಲಾರಿ ಓಡಾಡುವ ಕಡೆ ಮೂರು ಅಡಿ ಇರಲಿ. ಮುಚ್ಚುವ ಮೊದಲು ಯಾವ ಮೂಲೆಯಿಂದ ಎಷ್ಟು ಹೆಜ್ಜೆಗೆ ಯಾವ ಜಾಯಿಂಟು ಎಂದು ಅಳೆದು ಪಂಪ್‌ಹೌಸಿನ ಗೋಡೆಯ ಮೇಲೆ ಪೇಂಟಿನಲ್ಲಿ ಬರೆದಿಡಿ.